ಕಚೇರಿ ಕಟ್ಟಡ ಬಾಡಿಗೆಗೆ ಪಡೆಯುವವರ ಗಮನಕ್ಕೆ: ಬಾಡಿಗೆದಾರರ ಪರವಾದ ಮಧ್ಯವರ್ತಿ ಏಕೆ ಅಗತ್ಯ?

ಧಾರವಾಡ ನಗರದ ಪಶ್ಚಿಮಕ್ಕೆ, ಗೋವಾ ರಸ್ತೆಯ ಮೇಲಿರುವ ಕೆಲಗೇರಿಯು ಬಹುಕಾಲ ತನ್ನ ಕೆರೆಯಿಂದಲೇ ಹೆಸರಾದ ಊರು. ಇಂದು ಅದು ಮಹಾನಗರದ ಒಂದು ಬಡಾವಣೆ. ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು 2008 ರಲ್ಲಿ ಆರಂಭಗೊಂಡು 2013 ರಲ್ಲಿ ಖಾಯಂ ಪೀಠವಾದದ್ದು, ಚಿಕ್ಕಮಲ್ಲಿಗವಾಡದಲ್ಲಿ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸ್ವಂತ ಆವರಣವು 2023 ರ ಮಾರ್ಚ್‌ನಲ್ಲಿ ಲೋಕಾರ್ಪಣೆಗೊಂಡದ್ದು ಇವೆಲ್ಲವೂ ನಗರದಲ್ಲಿ ಕಚೇರಿ ಸ್ಥಳದ ಬೇಡಿಕೆಗೆ ಕಾರಣವಾಗಿವೆ. ವಕೀಲರು, ಲೆಕ್ಕಪರಿಶೋಧಕರು, ತರಬೇತಿ ಕೇಂದ್ರಗಳು, ಸಣ್ಣ ತಂತ್ರಾಂಶ ಸಂಸ್ಥೆಗಳು ಪೇಟೆಯ ದಟ್ಟಣೆಯಿಂದ ಹೊರಗೆ ಸ್ಥಳ ಹುಡುಕುವಾಗ ಕೆಲಗೇರಿಯಂತಹ ಭಾಗಗಳನ್ನು ವಿಚಾರಿಸುವುದು ಸಹಜ. ಇಂತಹ ಉದ್ಯಮಿಗಳು ಕಟ್ಟಡದ ಬಾಗಿಲಿಗೆ ಅಂಟಿಸಿದ ಫಲಕದಲ್ಲಿನ ದೂರವಾಣಿಗೆ ಕರೆ ಮಾಡುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಫಲಕದ ದೂರವಾಣಿ ಯಾರದು?

ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಲ್ಲಿ ವ್ಯವಹರಿಸಿದ ಧಾರವಾಡ ಸೀಮೆಯ ಯಾವುದೇ ರೈತನಿಗೂ ಅಡತಿ ಅಂಗಡಿಯವರು ಯಾರ ಮಾಲನ್ನು ಮಾರುತ್ತಿದ್ದಾರೆ, ಖರೀದಿದಾರರು ಯಾರು ಎಂಬುದು ಸ್ಪಷ್ಟವಾಗಿ ತಿಳಿದಿರುತ್ತದೆ. ಕಟ್ಟಡ ಬಾಡಿಗೆಯ ವ್ಯವಹಾರದಲ್ಲಿ ಈ ಸ್ಪಷ್ಟತೆ ಇರುವುದಿಲ್ಲ. ಸ್ಥಳ ತೋರಿಸಲು ಬರುವ ದಲಾಲರು ಸಾಮಾನ್ಯವಾಗಿ ಮಾಲೀಕರಿಂದ ನಿಯೋಜಿತರಾದವರು. ಆದಷ್ಟು ಬೇಗ, ಆದಷ್ಟು ಹೆಚ್ಚಿನ ಬಾಡಿಗೆಗೆ ಕಟ್ಟಡ ಹೋಗುವಂತೆ ನೋಡಿಕೊಳ್ಳುವುದು ಅವರ ಕೆಲಸ. ಇದರಲ್ಲಿ ತಪ್ಪೇನೂ ಇಲ್ಲ. ತಪ್ಪು ತಿಳುವಳಿಕೆ ಉಂಟಾಗುವುದು, ಅದೇ ವ್ಯಕ್ತಿ ಬಾಡಿಗೆದಾರರಿಂದಲೂ ಒಂದು ತಿಂಗಳ ಬಾಡಿಗೆಯಷ್ಟು ದಲಾಲಿ ಪಡೆದಾಗ. ಹಣ ಕೊಟ್ಟ ಬಾಡಿಗೆದಾರರು ಆತ ತಮ್ಮ ಪರವಾಗಿ ಮಾತನಾಡಿದನೆಂದೇ ಭಾವಿಸುತ್ತಾರೆ.

ಬಾಡಿಗೆದಾರರ ಪರವಾದ ಮಧ್ಯವರ್ತಿ ಎಂದರೆ ಸ್ಥಳ ಬೇಕಾದವರಿಂದಲೇ ಲಿಖಿತವಾಗಿ ನೇಮಕಗೊಂಡು, ಅವರಿಂದ ಮಾತ್ರ ಶುಲ್ಕ ಪಡೆದು, ಅವರ ಹಿತವನ್ನಷ್ಟೇ ಕಾಯುವವರು. ಭಾರತೀಯ ಕರಾರು ಅಧಿನಿಯಮ, 1872 ರ ಪ್ರಕಾರ ಏಜೆಂಟರು ತಮ್ಮನ್ನು ನೇಮಿಸಿದವರ ನಿರ್ದೇಶನದಂತೆ ನಡೆಯತಕ್ಕದ್ದು ಹಾಗೂ ಲೆಕ್ಕ ಒಪ್ಪಿಸತಕ್ಕದ್ದು. ನೇಮಿಸಿದವರಿಗೆ ತಿಳಿಸದೆ ಆ ವ್ಯವಹಾರದಲ್ಲಿ ಸ್ವಂತಕ್ಕಾಗಿ ವ್ಯವಹರಿಸಿ ಲಾಭ ಪಡೆದಲ್ಲಿ ಅದನ್ನು ಕೇಳಿ ಪಡೆಯುವ ಹಕ್ಕು ನೇಮಿಸಿದವರಿಗೆ ಇರುತ್ತದೆ. ಆದರೆ ಈ ರಕ್ಷಣೆ ದೊರೆಯಬೇಕಾದರೆ ನೇಮಕವಾಗಿದೆ ಎಂಬುದನ್ನು ತೋರಿಸುವ ಪತ್ರವಿರಬೇಕು. ಬಾಯಿಮಾತಿನ ನೇಮಕವನ್ನು ರುಜುವಾತು ಮಾಡುವುದು ಕಷ್ಟ.

ಕಚೇರಿಗೆ ಬಾಡಿಗೆ ಕಾನೂನಿನ ರಕ್ಷಣೆ ಎಷ್ಟು?

ಮನೆ ಬಾಡಿಗೆದಾರರಂತೆಯೇ ಕಚೇರಿ ಬಾಡಿಗೆದಾರರಿಗೂ ಬಾಡಿಗೆ ಕಾನೂನಿನ ಆಸರೆ ಇದೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಕರ್ನಾಟಕ ಬಾಡಿಗೆ ಅಧಿನಿಯಮ, 1999 ವಾಸೇತರ ಉಪಯೋಗದ ಕಟ್ಟಡಗಳನ್ನು ಬಹುತೇಕ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ತಳವಿಸ್ತೀರ್ಣ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರದ ವಾಣಿಜ್ಯ ಮಳಿಗೆಗಳಿಗಷ್ಟೇ ವಿನಾಯಿತಿ ನೀಡಿದೆ. ಹೀಗಾಗಿ ನಾಲ್ಕು ಮೇಜು ಹಿಡಿಸುವ ಸಾಧಾರಣ ಕಚೇರಿಯೂ ಸದರಿ ಅಧಿನಿಯಮದ ಹೊರಗೆ ಉಳಿಯುತ್ತದೆ. ಅಂತಹ ಬಾಡಿಗೆಗೆ ಸ್ವತ್ತು ವರ್ಗಾವಣೆ ಅಧಿನಿಯಮ, 1882 ಅನ್ವಯಿಸುತ್ತದೆ. ಈ ಅಧಿನಿಯಮದ ಹಲವು ನಿಯಮಗಳು ‘ಕರಾರಿನಲ್ಲಿ ಬೇರೆ ರೀತಿ ಹೇಳಿಲ್ಲದಿದ್ದಲ್ಲಿ’ ಎಂಬ ಷರತ್ತಿಗೆ ಒಳಪಟ್ಟಿವೆ. ಸರಳವಾಗಿ ಹೇಳುವುದಾದರೆ, ಕಚೇರಿ ಬಾಡಿಗೆದಾರರಿಗೆ ಕರಾರು ಪತ್ರವೇ ಕಾನೂನು. ಆ ಪತ್ರದ ಕರಡನ್ನು ಮಾಲೀಕರ ಕಡೆಯವರೇ ಸಿದ್ಧಪಡಿಸಿ, ಬಾಡಿಗೆದಾರರು ಬಾಡಿಗೆಯ ಅಂಕಿಯನ್ನಷ್ಟೇ ನೋಡಿ ಸಹಿ ಮಾಡುವುದು ರೂಢಿಯಾಗಿದೆ.

ಹನ್ನೊಂದು ತಿಂಗಳ ಕರಾರಿನ ಪರಿಣಾಮ

ನೋಂದಣಿ ಅಧಿನಿಯಮ, 1908 ರ ಕಲಂ 17 ರ ಪ್ರಕಾರ ಒಂದು ವರ್ಷ ಮೀರಿದ ಅವಧಿಯ ಗುತ್ತಿಗೆ ಪತ್ರವನ್ನು ಕಡ್ಡಾಯವಾಗಿ ನೋಂದಾಯಿಸತಕ್ಕದ್ದು. ಈ ವೆಚ್ಚ ತಪ್ಪಿಸಲು ಹನ್ನೊಂದು ತಿಂಗಳ ಕರಾರು ಬರೆಯುವ ಪದ್ಧತಿ ಬೆಳೆದಿದೆ. ಮನೆಗೆ ಇದು ಸಾಕಾಗಬಹುದು. ಕಚೇರಿಯ ಸ್ಥಿತಿ ಬೇರೆ. ವಿಭಜಕ ಗೋಡೆ, ವಿದ್ಯುತ್ ತಂತಿ, ಹವಾನಿಯಂತ್ರಣ, ನಾಮಫಲಕ ಇವುಗಳಿಗೆ ಲಕ್ಷಾಂತರ ರೂಪಾಯಿ ವೆಚ್ಚ ಮಾಡಿದ ಸಂಸ್ಥೆಯು ಹನ್ನೆರಡನೆಯ ತಿಂಗಳಿನಲ್ಲಿ ಮಾಲೀಕರು ಕೇಳಿದ ಬಾಡಿಗೆಯನ್ನು ಕೊಡಲೇಬೇಕಾದ ಸ್ಥಿತಿಗೆ ಬರುತ್ತದೆ. ಗ್ರಾಹಕರಿಗೆ ವಿಳಾಸ ರೂಢಿಯಾದ ಮೇಲೆ ಸ್ಥಳ ಬದಲಿಸುವ ಹಾನಿ ಇನ್ನೂ ದೊಡ್ಡದು.

ಇದಕ್ಕಿಂತಲೂ ಅಪಾಯಕರವಾದದ್ದು, ಐದು ವರ್ಷಗಳ ಅವಧಿಯನ್ನು ಬರೆದು ನೋಂದಾಯಿಸದೆ ಬಿಡುವ ಕರಾರು. ನೋಂದಣಿಯಾಗದ ಅಂತಹ ಪತ್ರದಿಂದ ಐದು ವರ್ಷಗಳ ಹಕ್ಕು ಸಾಧಿತವಾಗುವುದಿಲ್ಲ. ಕಚೇರಿಯ ಬಾಡಿಗೆಯು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯೆಂದು ಪರಿಗಣಿತವಾಗಿ, ಸ್ವತ್ತು ವರ್ಗಾವಣೆ ಅಧಿನಿಯಮದ ಕಲಂ 106 ರನ್ವಯ 15 ದಿನಗಳ ನೋಟಿಸಿನಿಂದ ಕೊನೆಗೊಳ್ಳಬಹುದು. ಐದು ವರ್ಷಗಳ ಭರವಸೆಯ ಮೇಲೆ ಬ್ಯಾಂಕ್ ಸಾಲ ಪಡೆದು ಒಳಾಂಗಣ ಸಜ್ಜುಗೊಳಿಸಿದವರ ಕೈಯಲ್ಲಿ ಆಗ ಉಳಿಯುವುದು ಹದಿನೈದು ದಿನ ಮಾತ್ರ. ಮಾಲೀಕರ ಪರವಾದ ದಲಾಲರು ಇದನ್ನು ಎತ್ತಿ ಹೇಳಬೇಕೆಂದು ನಿರೀಕ್ಷಿಸುವಂತಿಲ್ಲ. ಬಾಡಿಗೆದಾರರ ಪರವಾದವರು ಮೊದಲ ಮಾತುಕತೆಯಲ್ಲಿಯೇ ಅವಧಿ, ನೋಂದಣಿ ಹಾಗೂ ಅದರ ವೆಚ್ಚವನ್ನು ಯಾರು ಭರಿಸಬೇಕೆಂಬುದನ್ನು ನಿರ್ಧರಿಸುತ್ತಾರೆ. ಮುದ್ರಾಂಕ ಶುಲ್ಕವನ್ನು ಬಾಡಿಗೆಯ ಜೊತೆಗೆ ಮುಂಗಡವಾಗಿ ಕೊಡುವ ಮೊತ್ತವನ್ನೂ ಗಣನೆಗೆ ತೆಗೆದುಕೊಂಡು ಲೆಕ್ಕ ಹಾಕಲಾಗುತ್ತದೆ. ಸಾಕಷ್ಟು ಮುದ್ರಾಂಕವಿಲ್ಲದ ಪತ್ರವನ್ನು ಕೊರತೆ ಶುಲ್ಕ ಹಾಗೂ ದಂಡ ಭರಿಸುವವರೆಗೆ ನ್ಯಾಯಾಲಯವು ಸಾಕ್ಷ್ಯವಾಗಿ ಅಂಗೀಕರಿಸುವುದಿಲ್ಲ.

ದಾಖಲೆಗಳ ಪರಿಶೀಲನೆ

ಕೆಲಗೇರಿಯಂತಹ, ಹಳ್ಳಿಯಿಂದ ನಗರಕ್ಕೆ ಸೇರಿದ ಭಾಗಗಳಲ್ಲಿ ಈ ಅಂಶಕ್ಕೆ ವಿಶೇಷ ಮಹತ್ವವಿದೆ. ಇಂತಹ ಕಡೆ ಒಂದೇ ರಸ್ತೆಯಲ್ಲಿ ಹಳೆಯ ಊರಿನ ಮನೆ, ಅನುಮೋದಿತ ವಿನ್ಯಾಸದ ನಿವೇಶನ ಹಾಗೂ ಹೊಲವನ್ನು ಗುಂಟೆಗಳಾಗಿ ವಿಂಗಡಿಸಿ ಕಟ್ಟಿದ ಕಟ್ಟಡ ಮೂರೂ ಅಕ್ಕಪಕ್ಕದಲ್ಲಿ ಇರಬಹುದು. ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣದು. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964 ರ ಕಲಂ 95 ರ ಮೇರೆಗೆ ಭೂಪರಿವರ್ತನೆ ಆಗಿದೆಯೇ, ಆಗಿದ್ದಲ್ಲಿ ವಾಸಕ್ಕೋ ವಾಣಿಜ್ಯಕ್ಕೋ, ಕಟ್ಟಡ ಪರವಾನಿಗೆಯಲ್ಲಿ ಎಷ್ಟು ಅಂತಸ್ತುಗಳಿಗೆ ಅನುಮತಿ ಇದೆ, ಇ-ಆಸ್ತಿ ಖಾತಾದಲ್ಲಿ ಯಾರ ಹೆಸರಿದೆ ಎಂಬುದನ್ನು ದಾಖಲೆಗಳಿಂದಲೇ ಅರಿಯಬೇಕು. ಮಹಾನಗರ ಪಾಲಿಕೆಯ ವ್ಯಾಪಾರ ಪರವಾನಿಗೆಗೆ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961 ರ ನೋಂದಣಿಗೆ, ಸರಕು ಮತ್ತು ಸೇವಾ ತೆರಿಗೆಯ ನೋಂದಣಿಗೆ ವಿಳಾಸದ ದಾಖಲೆ ಸಲ್ಲಿಸಬೇಕಾಗುತ್ತದೆ. ಕಟ್ಟಡದ ದಾಖಲೆಗಳಲ್ಲಿನ ದೋಷವು ಹೀಗೆ ಬಾಡಿಗೆದಾರರ ಅರ್ಜಿಯಲ್ಲಿ ಹೊರಬೀಳುತ್ತದೆ; ಅಷ್ಟರಲ್ಲಿ ಠೇವಣಿ ಪಾವತಿಯಾಗಿರುತ್ತದೆ.

ಋಣಭಾರ ಪ್ರಮಾಣಪತ್ರವನ್ನು ಕಾವೇರಿ 2.0 ತಂತ್ರಾಂಶದ ಮೂಲಕ ಪಡೆಯಬಹುದಾಗಿದೆ. ಕಟ್ಟಡವು ಬ್ಯಾಂಕಿಗೆ ಅಡಮಾನವಾಗಿದ್ದು, ಅಡಮಾನದ ನಂತರ ಬ್ಯಾಂಕಿನ ಸಮ್ಮತಿಯಿಲ್ಲದೆ ಬಾಡಿಗೆಗೆ ಕೊಟ್ಟಿದ್ದಲ್ಲಿ, ಮಾಲೀಕರು ಸಾಲ ತೀರಿಸದೆ ಇದ್ದಾಗ ಬಾಡಿಗೆದಾರರ ಹಕ್ಕು ಉಳಿಯುವುದು ಅನುಮಾನ. ಆದ್ದರಿಂದ ಅಡಮಾನ ಕಂಡುಬಂದಲ್ಲಿ ಬ್ಯಾಂಕಿನ ಲಿಖಿತ ಒಪ್ಪಿಗೆಯನ್ನು ಕೇಳುವುದು ಬಾಡಿಗೆದಾರರ ಪರವಾದ ಮಧ್ಯವರ್ತಿಯ ಕರ್ತವ್ಯ.

ವಿದ್ಯುತ್ ಸಂಪರ್ಕದ ವಿಷಯವನ್ನು ಬಹುತೇಕರು ಕಡೆಗಣಿಸುತ್ತಾರೆ. ವಾಸದ ಮನೆಯನ್ನೇ ಕಚೇರಿಯಾಗಿ ಬಾಡಿಗೆಗೆ ಕೊಟ್ಟಾಗ ಮೀಟರು ಗೃಹಬಳಕೆಯ ದರದಲ್ಲಿಯೇ ಮುಂದುವರಿದಿರುತ್ತದೆ. ಮಂಜೂರಾದ ಉದ್ದೇಶಕ್ಕಲ್ಲದೆ ಬೇರೆ ಉದ್ದೇಶಕ್ಕೆ ವಿದ್ಯುತ್ ಬಳಸುವುದು ವಿದ್ಯುಚ್ಛಕ್ತಿ ಅಧಿನಿಯಮ, 2003 ರ ಕಲಂ 126 ರ ಪ್ರಕಾರ ಅನಧಿಕೃತ ಬಳಕೆಯಾಗಿದ್ದು, ಅನ್ವಯವಾಗುವ ದರದ ಎರಡರಷ್ಟು ಮೊತ್ತವನ್ನು ವಿಧಿಸಲು ಅವಕಾಶವಿದೆ. ಆದೇಶವು ಸ್ಥಳದ ಸ್ವಾಧೀನದಲ್ಲಿರುವವರಿಗೆ ಜಾರಿಯಾಗಬಹುದು, ಅಂದರೆ ಬಾಡಿಗೆದಾರರಿಗೆ. ಹೆಸ್ಕಾಂನಲ್ಲಿ ದರ ವರ್ಗ ಬದಲಾವಣೆಗೆ ಮಾಲೀಕರ ಸಹಿಯನ್ನು ಕರಾರಿನ ದಿನವೇ ಪಡೆಯುವುದು ಸೂಕ್ತ.

ಬಾಡಿಗೆಯ ನಿಜವಾದ ಲೆಕ್ಕ

ಉದಾಹರಣೆಗೆ, ಒಂದು ಕಟ್ಟಡದಲ್ಲಿ 1,000 ಚದರ ಅಡಿಗೆ ಅಡಿಯೊಂದಕ್ಕೆ 20 ರೂ.ನಂತೆ ತಿಂಗಳಿಗೆ 20,000 ರೂ. ಬಾಡಿಗೆ ಹೇಳಿದ್ದಾರೆಂದು ಭಾವಿಸೋಣ. ಈ 1,000 ಅಡಿಯಲ್ಲಿ ಮೆಟ್ಟಿಲು, ಮೊಗಸಾಲೆ, ಗೋಡೆಗಳ ದಪ್ಪ ಸೇರಿದ್ದು, ಟೇಪು ಹಿಡಿದು ಅಳೆದಾಗ ಬಳಕೆಗೆ ದೊರೆಯುವುದು 700 ಅಡಿ ಮಾತ್ರವಾದರೆ, ನಿಜವಾದ ದರ ಅಡಿಗೆ 28 ರೂ. 57 ಪೈಸೆ. ಪಕ್ಕದ ಕಟ್ಟಡದವರು 800 ಅಡಿ ಬಳಕೆಯ ಸ್ಥಳವನ್ನು ಅಡಿಗೆ 26 ರೂ.ನಂತೆ 20,800 ರೂ.ಗೆ ಕೊಡುವುದಾದರೆ, ಮೇಲ್ನೋಟಕ್ಕೆ ದುಬಾರಿಯಾಗಿ ಕಾಣುವ ಅದೇ ಅಗ್ಗ. ಯಾವ ಅಳತೆಯ ಮೇಲೆ ಬಾಡಿಗೆ ನಿಗದಿಯಾಗಿದೆ ಎಂಬುದು ಕರಾರಿನಲ್ಲಿ ನಮೂದಾಗಿರತಕ್ಕದ್ದು.

ವಾಣಿಜ್ಯ ಬಾಡಿಗೆಯ ಮೇಲೆ ಶೇಕಡಾ 18 ರಷ್ಟು ಸರಕು ಮತ್ತು ಸೇವಾ ತೆರಿಗೆ ಇದೆ. ಮಾಲೀಕರು ನೋಂದಾಯಿತರಲ್ಲದೆ ಬಾಡಿಗೆದಾರರು ನೋಂದಾಯಿತರಾಗಿದ್ದಲ್ಲಿ, 2024 ರ ಅಕ್ಟೋಬರ್ 10 ರಿಂದ ಈ ತೆರಿಗೆಯನ್ನು ಬಾಡಿಗೆದಾರರೇ ನೇರವಾಗಿ ಪಾವತಿಸಬೇಕಾಗಿದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರನ್ನು 2025 ರ ಜನವರಿ 16 ರಿಂದ ಇದರಿಂದ ಹೊರಗಿಡಲಾಗಿದೆ. ತೆರಿಗೆ ವಿಧಿಸಬಹುದಾದ ಸೇವೆ ನೀಡುವ ತರಬೇತಿ ಕೇಂದ್ರ ಅಥವಾ ತಂತ್ರಾಂಶ ಸಂಸ್ಥೆ ಈ ಮೊತ್ತವನ್ನು ತನ್ನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ತೆರಿಗೆ ವಿನಾಯಿತಿ ಪಡೆದ ಚಿಕಿತ್ಸಾಲಯಕ್ಕೆ ಆ ಸೌಲಭ್ಯವಿಲ್ಲ. ಮಾಲೀಕರು ನೋಂದಾಯಿತರಾಗಿದ್ದಲ್ಲಿ 20,000 ರೂ. ಬಾಡಿಗೆ ಅದಕ್ಕೆ 23,600 ರೂ. ಬಿದ್ದಂತೆ. ಇನ್ನು ವಾಣಿಜ್ಯ ಬಳಕೆಯಿಂದ ಹೆಚ್ಚುವ ಆಸ್ತಿ ತೆರಿಗೆಯ ಅಂತರ, ನೀರಿನ ಕರ, ಲಿಫ್ಟಿನ ನಿರ್ವಹಣೆ ಇವುಗಳನ್ನು ಯಾರು ಕೊಡಬೇಕೆಂಬ ಒಂದೊಂದು ಸಾಲನ್ನೂ ಬರೆಸಿಕೊಳ್ಳಬೇಕು.

ಠೇವಣಿಯ ವಿಷಯದಲ್ಲಿ ಕೇಂದ್ರ ಸರ್ಕಾರದ 2021 ರ ಮಾದರಿ ಬಾಡಿಗೆ ಕಾಯ್ದೆಯು ವಾಸೇತರ ಕಟ್ಟಡಗಳಿಗೆ ಆರು ತಿಂಗಳ ಬಾಡಿಗೆಯ ಮಿತಿ ಸೂಚಿಸಿದೆ. ಅದು ಮಾದರಿ ಮಾತ್ರವಾಗಿದ್ದು, ರಾಜ್ಯವು ಶಾಸನ ಮಾಡಿದಲ್ಲಿ ಮಾತ್ರ ಬಂಧನಕಾರಿ. ಆದರೂ ಮಾತುಕತೆಯಲ್ಲಿ ಅದನ್ನು ಉಲ್ಲೇಖಿಸಲು ಅಡ್ಡಿಯಿಲ್ಲ. ಹತ್ತು ತಿಂಗಳ ಠೇವಣಿ ಕೇಳಿದಲ್ಲಿ 2,00,000 ರೂ. ಬಡ್ಡಿಯಿಲ್ಲದೆ ನಿಲ್ಲುತ್ತದೆ, ಆರು ತಿಂಗಳಿಗೆ ಇಳಿಸಿದಲ್ಲಿ 80,000 ರೂ. ದುಡಿಯುವ ಬಂಡವಾಳವಾಗಿ ಉಳಿಯುತ್ತದೆ. ಮಧ್ಯವರ್ತಿಯ ಶುಲ್ಕ ಇಷ್ಟರಲ್ಲಿಯೇ ಹುಟ್ಟಬಹುದು.

ಮಧ್ಯವರ್ತಿಯನ್ನು ನೇಮಿಸುವಾಗ

ಶುಲ್ಕವನ್ನು ತಿಂಗಳ ಬಾಡಿಗೆಗೆ ಕಟ್ಟಿಹಾಕಿದಲ್ಲಿ, ಬಾಡಿಗೆ ಹೆಚ್ಚಿದಷ್ಟೂ ಮಧ್ಯವರ್ತಿಗೆ ಲಾಭ. ಆದ್ದರಿಂದ ನಿಗದಿತ ಮೊತ್ತವೊಂದನ್ನು ಒಪ್ಪಿಕೊಳ್ಳುವುದು ಮೇಲು. ಒಂದು ಭಾಗವನ್ನು ಕರಾರಿನ ನೋಂದಣಿಯಾದ ನಂತರವಷ್ಟೇ ಕೊಡುವುದಾಗಿ ಬರೆಯಬಹುದು. ಮಾಲೀಕರಿಂದ ಯಾವುದೇ ದಲಾಲಿ ಪಡೆಯುವುದಿಲ್ಲ ಅಥವಾ ಪಡೆದಲ್ಲಿ ತಿಳಿಸುತ್ತೇನೆ ಎಂಬ ಘೋಷಣೆ ನೇಮಕ ಪತ್ರದಲ್ಲಿರಲಿ. ಕರ್ನಾಟಕ ಬಾಡಿಗೆ ಅಧಿನಿಯಮವು ತನ್ನ ವ್ಯಾಪ್ತಿಯ ಕಟ್ಟಡಗಳ ಮಧ್ಯವರ್ತಿಗಳ ನೋಂದಣಿಗೆ ಉಪಬಂಧ ಕಲ್ಪಿಸಿದೆ. ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಸಂಖ್ಯೆಯನ್ನು ತೋರಿಸುವವರೂ ಇದ್ದಾರೆ; ಆ ನೋಂದಣಿಯು 2016 ರ ಕಾಯ್ದೆಯಡಿ ನಿವೇಶನ, ಫ್ಲ್ಯಾಟುಗಳ ಮಾರಾಟ ವ್ಯವಹಾರಕ್ಕೆ ಸಂಬಂಧಿಸಿದ್ದಾಗಿದ್ದು, ಬಾಡಿಗೆ ವ್ಯವಹಾರದ ಕೌಶಲಕ್ಕೆ ಪ್ರಮಾಣವಲ್ಲ.

ಹುಬ್ಬಳ್ಳಿಯಿಂದ ಬರುವ ಮಧ್ಯವರ್ತಿಗಿಂತ ಧಾರವಾಡದ ಪಶ್ಚಿಮ ಭಾಗದ ಓಣಿಗಳನ್ನು ಬಲ್ಲವರು ಹೆಚ್ಚು ಉಪಯುಕ್ತರು. ಹುಬ್ಬಳ್ಳಿ–ಧಾರವಾಡ ನಡುವಿನ ಚಿಗರಿ ಬಸ್ ಮಾರ್ಗ ಕೆಲಗೇರಿಯನ್ನು ಮುಟ್ಟುವುದಿಲ್ಲ ಎಂಬುದು, ಹುಬ್ಬಳ್ಳಿಯಿಂದ ದಿನವೂ ಬರುವ ಸಿಬ್ಬಂದಿಯುಳ್ಳ ಸಂಸ್ಥೆಗೆ ಬಾಡಿಗೆಯ ದರದಷ್ಟೇ ಮುಖ್ಯವಾದ ಸಂಗತಿ.

ಎಲ್ಲ ಸಂದರ್ಭದಲ್ಲಿಯೂ ಮಧ್ಯವರ್ತಿ ಬೇಕೆಂದಿಲ್ಲ. ಮಹಾನಗರ ಪಾಲಿಕೆಯ ವಾಣಿಜ್ಯ ಮಳಿಗೆಗಳು ಬಹಿರಂಗ ಹರಾಜಿನ ಮೂಲಕ ಹಂಚಿಕೆಯಾಗುವುದರಿಂದ ಅಲ್ಲಿ ದಲಾಲಿ ಕೇಳುವವರನ್ನು ದೂರವಿಡತಕ್ಕದ್ದು. ಕೆಲವೇ ತಿಂಗಳಿಗೆ ಒಂದು ಕೋಣೆ ಪಡೆಯುವವರಿಗೆ ವಕೀಲರಿಂದ ಕರಡು ಓದಿಸಿಕೊಳ್ಳುವುದೇ ಸಾಕು. ಮಧ್ಯವರ್ತಿಯು ವಕೀಲರಿಗೆ ಪರ್ಯಾಯವೂ ಅಲ್ಲ. ಸ್ಥಳ, ದರ, ಷರತ್ತುಗಳ ಮಾತುಕತೆ ಅವರ ಕೆಲಸ. ಗುತ್ತಿಗೆ ಪತ್ರದ ಕರಡು ವಕೀಲರ ಕೆಲಸ.

ಸ್ಥಳ ಬಿಡುವಾಗಿನ ಷರತ್ತುಗಳು

ಪ್ರವೇಶದ ಉತ್ಸಾಹದಲ್ಲಿ ನಿರ್ಗಮನದ ಷರತ್ತುಗಳು ಮರೆತುಹೋಗುತ್ತವೆ. ಸ್ವತ್ತು ವರ್ಗಾವಣೆ ಅಧಿನಿಯಮದ ಕಲಂ 108 ರ ಪ್ರಕಾರ, ವಿರುದ್ಧವಾದ ಕರಾರಿಲ್ಲದಿದ್ದಲ್ಲಿ, ಬಾಡಿಗೆದಾರರು ತಾವು ಅಳವಡಿಸಿದ ವಸ್ತುಗಳನ್ನು ತೆಗೆದೊಯ್ಯಬಹುದು. ಸ್ಥಳವನ್ನು ಪಡೆದ ಸ್ಥಿತಿಯಲ್ಲಿಯೇ ಬಿಟ್ಟುಕೊಡಬೇಕು. ಬಹಳಷ್ಟು ಮುದ್ರಿತ ಕರಾರು ನಮೂನೆಗಳು ಈ ಹಕ್ಕನ್ನು ಒಂದೇ ಸಾಲಿನಲ್ಲಿ ಬಿಟ್ಟುಕೊಡಿಸುತ್ತವೆ. ಯಾವ ವಸ್ತುಗಳು ಬಾಡಿಗೆದಾರರವು ಎಂಬ ಪಟ್ಟಿಯನ್ನೂ, ಪ್ರವೇಶದ ದಿನದ ಛಾಯಾಚಿತ್ರಗಳನ್ನೂ ಕರಾರಿಗೆ ಲಗತ್ತಿಸುವಂತೆ ಮಧ್ಯವರ್ತಿಯು ನೋಡಿಕೊಳ್ಳಬೇಕು. ಬಣ್ಣ, ದುರಸ್ತಿಯ ಹೆಸರಿನಲ್ಲಿ ಠೇವಣಿಯಿಂದ ಕಡಿತ ಮಾಡಬಹುದಾದ ಮೊತ್ತಕ್ಕೆ ಮಿತಿ ಇರಲಿ. ಠೇವಣಿಯನ್ನು ಬೀಗದ ಕೈ ಒಪ್ಪಿಸಿದ ದಿನವೇ ಮರಳಿಸತಕ್ಕದ್ದು ಎಂದು ಬರೆಸುವುದು ರೂಢಿಯಲ್ಲಿದೆ. ಅದೇ ದಿನ ವಿದ್ಯುತ್ ಮೀಟರಿನ ಅಂಕಿಯನ್ನು ಉಭಯತ್ರರೂ ಸಹಿ ಮಾಡಿ ದಾಖಲಿಸಿಕೊಂಡು, ಆ ವಿಳಾಸದಲ್ಲಿದ್ದ ವ್ಯಾಪಾರ ಪರವಾನಿಗೆ ಹಾಗೂ ತೆರಿಗೆ ನೋಂದಣಿಯಲ್ಲಿ ವಿಳಾಸ ಬದಲಾವಣೆಗೆ ಅರ್ಜಿ ಸಲ್ಲಿಸತಕ್ಕದ್ದು.