ಚಳ್ಳಕೆರೆ ಬಿಸಿಲಿಗೆ ಹೊಂಗೆ ಇರುವಾಗ ಕೋನೋಕಾರ್ಪಸ್ ಯಾಕೆ? ಅಂಗಡಿ ಮುಂದೆ ಯಾವ ಗಿಡ ನೆಡಬೇಕು?

ಚಳ್ಳಕೆರೆ: ಏಪ್ರಿಲ್ ತಿಂಗಳ ಮಧ್ಯಾಹ್ನ ಊರಲ್ಲಿ ಬೈಕ್ ನಿಲ್ಲಿಸೋಕೆ ಜನ ಮೊದಲು ಹುಡುಕೋದು ನೆರಳು. ಗಿರಾಕಿ ನಿಲ್ಲೋದೂ ಅಲ್ಲೇ. ಅಂಗಡಿ ಮುಂದೆ ಒಂದು ಮರ ಇದ್ದರೆ ವ್ಯಾಪಾರಕ್ಕೆ ಒಳ್ಳೆಯದು ಅಂತ ವರ್ತಕರಿಗೂ ಗೊತ್ತು. ಆದರೆ ಯಾವ ಮರ ಅನ್ನೋ ಪ್ರಶ್ನೆ ಬಂದಾಗ ಬೇಗ ಹಸಿರಾಗುತ್ತೆ ಅಂತ ಹೊರಗಿನ ಗಿಡವನ್ನೇ ತಂದು ನೆಡುವುದು ರೂಢಿಯಾಗಿಬಿಟ್ಟಿದೆ.

ಅದರಲ್ಲಿ ಈಗ ಹೆಚ್ಚು ಸುದ್ದಿಯಲ್ಲಿರುವುದು ಕೋನೋಕಾರ್ಪಸ್. ವರ್ಷವಿಡೀ ಹಸಿರು, ದನ ಮೇಕೆ ಕಾಟ ಕಡಿಮೆ, ಕತ್ತರಿಸಿದ ಆಕಾರಕ್ಕೆ ನಿಲ್ಲುತ್ತೆ. ಆದರೆ ಬೇರು ನೀರಿನ ಪೈಪು, ಚರಂಡಿ ಹುಡುಕಿಕೊಂಡು ಹೋಗುತ್ತೆ, ಪರಾಗದಿಂದ ಉಸಿರಾಟದ ತೊಂದರೆ ಅನ್ನೋ ದೂರೂ ಇದೆ. ಈ ಕಾರಣಕ್ಕೇ ಗುಜರಾತ್ ಸರ್ಕಾರ 2023ರಲ್ಲಿ ಇದನ್ನು ನೆಡುವುದನ್ನು ನಿಷೇಧಿಸಿತು. ಮಡಗಾಸ್ಕರ್ ಮೂಲದ ಗುಲ್‌ಮೊಹರ್ ನೋಡೋಕೆ ಚೆಂದ, ನಿಜ. ಆದರೆ ಕೊಂಬೆ ಮೆದು, ಮುಂಗಾರು ಪೂರ್ವದ ಗಾಳಿಗೆ ಮುರಿದು ಬೀಳೋದು ಅದೇ ಮೊದಲು.

ನಮ್ಮ ಹೊಂಗೆ ವಿಷಯವೇ ಬೇರೆ. ಚಳಿ ಮುಗಿಯುವಾಗ ಎಲೆ ಉದುರಿಸಿ, ಯುಗಾದಿ ಹೊತ್ತಿಗೆ ಹೊಸ ಚಿಗುರು ತುಂಬಿಕೊಂಡು, ಬಿಸಿಲು ಏರುವಾಗ ದಟ್ಟ ನೆರಳು ಕೊಡುತ್ತೆ. ಬೇರು ಆಳಕ್ಕಿಳಿಯುತ್ತೆ, ಬೇರಿನ ಗಂಟುಗಳು ಮಣ್ಣಿಗೆ ಸಾರಜನಕ ಸೇರಿಸುತ್ತವೆ. ಎಲೆ ಕಹಿ ಇರೋದ್ರಿಂದ ಮೇಕೆಯೂ ಅಷ್ಟಾಗಿ ಬಾಯಿ ಹಾಕಲ್ಲ. ಬೀಜದಲ್ಲಿ ಶೇ 30ರಷ್ಟು ಎಣ್ಣೆ ಇದೆ, ಹಿಂಡಿ ಗೊಬ್ಬರವಾಗುತ್ತೆ. ಎಣ್ಣೆ ಮಿಲ್‌ಗಳ ಊರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ತಕರಾರು: ಹೂ ಉದುರಿ ಕಟ್ಟೆಯೆಲ್ಲಾ ಕಸ, ಜೇನು ಹುಳ ಬರ್ತವೆ. ಬೆಳಗ್ಗೆ ಒಂದು ಸಲ ಪೊರಕೆ ಆಡಿಸಿದರೆ ಮುಗಿಯಿತು.

ಕರೆಂಟ್ ತಂತಿ ಕೆಳಗೆ ಹೊಂಗೆ, ಬೇವು ಎರಡೂ ಬೇಡ. ವರ್ಷಾ ವರ್ಷ ತಲೆ ಕಡಿಸಿಕೊಂಡು ಮರವೇ ಕುರೂಪವಾಗುತ್ತೆ. ಅಲ್ಲಿಗೆ ಕರಿಬೇವು ಅಥವಾ ಗುಡ್ಡದ ತಂಗಡಿ ಸಾಕು. ಹಳದಿ ಹೂವಿನ ತಂಗಡಿ ನೀರಿಲ್ಲದಿದ್ದರೂ ಬದುಕುವ ಗಿಡ, ಚಿಟ್ಟೆಗಳು ಅದರ ಎಲೆ ಮೇಲೆ ಮೊಟ್ಟೆ ಇಡುತ್ತವೆ. ಕರಿಬೇವಿನ ಮೇಲೂ ಅಷ್ಟೇ. ಎಲೆ ತಿನ್ನೋ ಹಸಿರು ಹುಳ ಕಂಡ ಕೂಡಲೇ ಔಷಧಿ ಹೊಡೆಯಬೇಡಿ, ಅದು ಚಿಟ್ಟೆಯ ಮರಿ. ಆಲ, ಅರಳಿ, ಗೋಣಿ ಮರಗಳಿಗೆ ಕೆರೆ ಏರಿ, ಗುಂಡುತೋಪಿನಂಥ ವಿಶಾಲ ಜಾಗವೇ ಸರಿ. ಜಿಲ್ಲೆಯ ಒಣ ಕಾಡಿನ ಕಮರ ಶಾಲಾ ಮೈದಾನದ ಅಂಚಿಗೆ ಹೊಂದುತ್ತೆ, ಆದರೆ ಬೆಳೆಯೋದು ಬಹಳ ನಿಧಾನ.

ಇಲ್ಲಿ ಒಂದು ಎಚ್ಚರಿಕೆ. ಸ್ಥಳೀಯ ಗಿಡ ಅಂದ ಮಾತ್ರಕ್ಕೆ ಎಲ್ಲೆಂದರಲ್ಲಿ ನೆಡುವುದಲ್ಲ. ಊರಾಚೆಯ ಅಮೃತಮಹಲ್ ಕಾವಲುಗಳು ಖಾಲಿ ಜಾಗವಲ್ಲ, ಹುಲ್ಲುಗಾವಲು. ಕುರಿ, ದನ, ಕೃಷ್ಣಮೃಗ ಬದುಕಿರೋದೇ ಆ ಹುಲ್ಲಿನ ಮೇಲೆ. ಅಲ್ಲಿ ಗುಂಡಿ ತೋಡಿ ಸಾಲು ಮರ ನೆಟ್ಟರೆ ಉಪಕಾರಕ್ಕಿಂತ ಹಾನಿಯೇ ಹೆಚ್ಚು.

ನೆಡುವ ಕಾಲವೂ ಮುಖ್ಯ. ವನಮಹೋತ್ಸವ ಜುಲೈನಲ್ಲಿ ನಡೆಯುತ್ತೆ, ಆದರೆ ನಮ್ಮ ಕಡೆ ಮಳೆ ಜೋರಾಗೋದು ಉತ್ತರೆ, ಹಸ್ತ ಹೊತ್ತಿಗೆ. ನೀರು ಹಾಕುವವರಿಲ್ಲ ಅಂದ್ರೆ ಸೆಪ್ಟೆಂಬರ್‌ವರೆಗೆ ಕಾಯುವುದೇ ಲೇಸು. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ರಿಯಾಯಿತಿ ದರದಲ್ಲಿ ಸಸಿ ಸಿಗುತ್ತವೆ, ಮೊದಲೇ ಹೋಗಿ ಕೇಳಬೇಕು. ಎರಡಡಿ ಉದ್ದ, ಅಗಲ, ಆಳದ ಗುಂಡಿ, ಕೊಟ್ಟಿಗೆ ಗೊಬ್ಬರ, ಸುತ್ತ ಮುಳ್ಳಿನ ಬೇಲಿ. ಬುಡಕ್ಕೆ ಶೇಂಗಾ ಸಿಪ್ಪೆ ಹೊದಿಸಿದರೆ ತೇವ ಆರಲ್ಲ. ಮೊದಲೆರಡು ಬೇಸಿಗೆ ವಾರಕ್ಕೆರಡು ಸಲ ಎರಡು ಕೊಡ ನೀರು ತಪ್ಪಿಸಬಾರದು.

ಫುಟ್‌ಪಾತ್ ಮೇಲೆ ನೆಡುವ ಮುಂಚೆ ನಗರಸಭೆಗೆ ತಿಳಿಸಿ. ಬುಡದ ಸುತ್ತ ಒಂದು ಮೀಟರ್ ಜಾಗಕ್ಕೆ ಸಿಮೆಂಟ್ ಬಳಿಯಬೇಡಿ. ದೆಹಲಿಯ ಮರಗಳ ಸುತ್ತ ಇಷ್ಟು ಕಾಂಕ್ರೀಟ್ ತೆಗೆಯಲು ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತ್ತು. ಬೋರ್ಡ್ ಕಾಣಲ್ಲ ಅಂತ ಬೆಳೆದ ಮರ ಕಡಿಸುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿ ಅನುಮತಿ ಬೇಕು. ಕೆಳಗಿನ ಕೊಂಬೆ ಹದವಾಗಿ ಸವರಿ ಮರವನ್ನು ಎತ್ತರಕ್ಕೆ ಬಿಟ್ಟರೆ ಬೋರ್ಡೂ ಕಾಣುತ್ತೆ, ನೆರಳೂ ಉಳಿಯುತ್ತೆ.