ನಾಗಸಾಕಿ: ಶಾಂತಿಯ ಪಾಠ ಹೇಳುವ ಊರು

ಜಪಾನಿನ ಇತಿಹಾಸ, ಸಂಸ್ಕೃತಿ ಹಾಗೂ ಶಾಂತಿಯನ್ನು ಅರಿಯಲು ವಿಶ್ವವಿದ್ಯಾನಿಲಯಗಳು ಕೈಗೊಳ್ಳುವ ಕಿರು ಅಧ್ಯಯನ ಪ್ರವಾಸಕ್ಕೆ ನಾಗಸಾಕಿ ತಕ್ಕ ಊರು. ಇಲ್ಲಿನ ಮೂರು ತಾಣಗಳನ್ನು ಕ್ರಮವಾಗಿ ನೋಡಬೇಕು.

ಮೊದಲನೆಯದು ನಿಶಿಝಾಕ ಗುಡ್ಡ. 1597ರ ಫೆಬ್ರವರಿ 5ರಂದು ಇಲ್ಲಿ 26 ಕ್ರೈಸ್ತರನ್ನು ಶಿಲುಬೆಗೇರಿಸಲಾಯಿತು. ನಮ್ಮದೇ ಪಶ್ಚಿಮ ಕರಾವಳಿಯ ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ ಅವರಲ್ಲೊಬ್ಬರು.

ಎರಡನೆಯದು ಓಉರಾ ದೇವಾಲಯ. 1614ರಲ್ಲಿ ಕ್ರೈಸ್ತ ಧರ್ಮಕ್ಕೆ ದೇಶದಾದ್ಯಂತ ನಿಷೇಧ ಬಿತ್ತು. ಗುರುಗಳಿಲ್ಲದೆ, ಬೌದ್ಧರ ಕನ್ನೊನ್ ಮೂರ್ತಿಯಲ್ಲೇ ಮಾತೆ ಮರಿಯಳನ್ನು ಕಂಡು, ತಲೆಮಾರುಗಳ ಕಾಲ ಗುಟ್ಟಾಗಿ ವಿಶ್ವಾಸ ಉಳಿಸಿಕೊಂಡ ಭಕ್ತರಿದ್ದರು. ಅಂಥ ಉರಕಾಮಿ ಹಳ್ಳಿಯವರು 1865ರ ಮಾರ್ಚ್ 17ರಂದು ಇಲ್ಲಿಗೆ ಬಂದು ಫ್ರೆಂಚ್ ಗುರುಗಳಿಗೆ ತಮ್ಮ ಗುರುತು ಹೇಳಿಕೊಂಡರು.

ಮೂರನೆಯದು ಅದೇ ಉರಕಾಮಿಯ ಪ್ರಧಾನ ದೇವಾಲಯ. 1945ರ ಆಗಸ್ಟ್ 9ರಂದು ಬೆಳಿಗ್ಗೆ 11.02ಕ್ಕೆ ಸುಮಾರು 500 ಮೀಟರ್ ದೂರದಲ್ಲಿ ಅಣುಬಾಂಬು ಸಿಡಿಯಿತು. ಧರ್ಮಕೇಂದ್ರದ ಸುಮಾರು 12,000 ಮಂದಿಯಲ್ಲಿ 8,500ರಷ್ಟು ಜನ ಅಸುನೀಗಿದರು. ಅವಳಿ ಗಂಟೆಗಳಲ್ಲಿ ಒಂದು ಮಾತ್ರ ಉಳಿಯಿತು.

ಹೋದ ಗಂಟೆಯ ಬದಲಿಗೆ ಅಮೆರಿಕದ ಕಥೋಲಿಕರು ಹೊಸದನ್ನು ಕೊಡುಗೆಯಾಗಿ ನೀಡಿದರು. 2025ರ ಆಗಸ್ಟ್ 9ರಂದು, 80 ವರ್ಷಗಳ ಬಳಿಕ, ಅದೇ ಹೊತ್ತಿಗೆ ಎರಡೂ ಗಂಟೆಗಳು ಒಟ್ಟಿಗೆ ಮೊಳಗಿದವು.

ಬಾಂಬು ಹಾಕಿದ ದೇಶದವರು ಗಂಟೆ ಕೊಟ್ಟರು. ನೊಂದವರು ಅದನ್ನು ಬರಮಾಡಿಕೊಂಡರು. ಶಾಂತಿಗೆ ಈ ಎರಡೂ ಕೈಗಳು ಬೇಕು.