ಬೆಚ್ಚನೆಯ ದನಿಗೆ ವಾಲ್ವ್ ಆಂಪೇ ಬೇಕೆ?

ಪುಟ್ಟ ಗಿಟಾರ್ ಆಂಪ್ ಕೊಳ್ಳಲು ಹೊರಟವರಿಗೆ ಮೊದಲು ಸಿಗುವ ಸಲಹೆ: ಬೆಚ್ಚನೆಯ ದನಿ ಬೇಕಾದರೆ ವಾಲ್ವ್ ಆಂಪೇ ತಗೊಳ್ಳಿ. ಆದರೆ ದನಿ ಬೆಚ್ಚಗೂ ಇರಬೇಕು, ಒಡೆಯದೆ ತಿಳಿಯಾಗಿಯೂ ಇರಬೇಕು ಅಂದರೆ ಈ ಮಾತು ನಿಲ್ಲುವುದಿಲ್ಲ. ಫೆಂಡರ್ ಚಾಂಪ್ ಎಂಬ ವಾಲ್ವ್ ಆಂಪ್ ನೋಡಿ. ಸುಮಾರು 5 ವಾಟ್, 8 ಇಂಚಿನ ಸ್ಪೀಕರ್. ವಾಲ್ಯೂಮ್ ಏರಿಸಿ ಆರೂ ತಂತಿಗಳನ್ನು ಒಟ್ಟಿಗೆ ಮೀಟಿದರೆ ಸ್ವರದ ಅಂಚು ಬೇಗನೆ ಒರಟಾಗುತ್ತದೆ. ರಾಕ್‌ಗೆ ಅದೇ ಸೊಗಸು, ನಿಜ. ತಿಳಿದನಿ ಬಯಸುವವರಿಗೆ ಅದು ಅಡ್ಡಿ. ಅದೇ ಕಂಪನಿಯ ಪ್ರಿನ್ಸ್‌ಟನ್ ರಿವರ್ಬ್, ಸುಮಾರು 12 ವಾಟ್, 10 ಇಂಚಿನ ಸ್ಪೀಕರ್, ವಾಲ್ಯೂಮ್ ಇನ್ನಷ್ಟು ಏರಿಸಿದರೂ ತಿಳಿಯಾಗಿಯೇ ಸಾಗುತ್ತದೆ. ಅಂದರೆ ಮೊದಲು ನೋಡಬೇಕಾದದ್ದು ದನಿ ಒಡೆಯುವ ಮುನ್ನ ಆಂಪ್‌ನಲ್ಲಿ ಉಳಿದಿರುವ ಕಸುವು.

ವಾಲ್ವ್ ಇಲ್ಲದ ಟ್ರಾನ್ಸಿಸ್ಟರ್ ಆಂಪ್‌ನ ದನಿ ತಣ್ಣಗಲ್ಲವೇ ಎಂದು ಕೇಳಬಹುದು. 1975ರ ರೋಲಂಡ್ ಜಾಝ್ ಕೋರಸ್ ಎಂಬ ಟ್ರಾನ್ಸಿಸ್ಟರ್ ಆಂಪ್‌ನ ಗಾಜಿನಂಥ ಹೊಳಪು ಕೇಳಿದರೆ ಆ ಅನುಮಾನ ಸಹಜ. ಆದರೆ ಜಾಝ್ ವಾದಕ ಜೋ ಪಾಸ್ ಬಳಸಿದ ಪಾಲಿಟೋನ್ ಕೂಡ ಟ್ರಾನ್ಸಿಸ್ಟರ್ ಆಂಪೇ. ಅದರ ದನಿ ದುಂಡಗೆ, ಮೆತ್ತಗೆ. ಬೆಚ್ಚನೆಯ ಗುಣದಲ್ಲಿ ಸ್ಪೀಕರ್, ಮರದ ಪೆಟ್ಟಿಗೆ, ಟ್ರೆಬಲ್ ಇಳಿಸಿದ ಹದ, ಇವುಗಳ ಪಾಲು ದೊಡ್ಡದು. ವಾಟ್ ಹೆಚ್ಚಿದರೆ ಮನೆಯಲ್ಲಿ ಗದ್ದಲವಾಗದೇ ಎಂಬ ಭಯವೂ ಬೇಡ: ವಾಟ್ ಇಮ್ಮಡಿಯಾದರೆ ಏರುವುದು ಬರೀ 3 ಡೆಸಿಬಲ್. ಅಂಗಡಿಯಲ್ಲಿ ಟ್ರೆಬಲ್ ತಗ್ಗಿಸಿ, ದಪ್ಪ ತಂತಿಯನ್ನು ಜೋರಾಗಿ ಮೀಟಿ; ಸ್ವರ ಕಲಸಿಹೋಗದಿದ್ದರೆ, ವಾಲ್ವ್ ಇಲ್ಲದಿದ್ದರೂ ಆ ಆಂಪ್ ತಗೊಳ್ಳಿ.